ವಸ್ತು ಸೋವಿ, ಕೈ ತುಟ್ಟಿ

ಪರದೇಶಕ್ಕೆ ಹೋಗಿ ಬಂದವರನ್ನು ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯ ನಮ್ಮ ಜನ ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು. “ಅಲ್ಲಿ ಊಟಕ್ಕ ಏನ್ ಮಾಡಿದ್ರಿ?” ಎಂಬುದು ಮೊದಲನೆಯದು, “ಅಲ್ಲಿ ಒಂದ್ ಕಪ್ ಚಾಕ್ಕ ಎಷ್ಟ್ರೀ?” ಎಂಬುದು ಎರಡನೆಯದು. ಅಲ್ಲಿಯ ಅರಮನೆಗಳು ಎಷ್ಟು ಎತ್ತರ, ವಸ್ತುಸಂಗ್ರಹಾಲಯಗಳಲ್ಲಿ ಏನೇನಿದೆ ಎಂದು ಕೇಳುವವರು ವಿರಳ. ಪಂಡಿತರಾದವರು ಇದನ್ನು ಕಂಡು ನಕ್ಕಾರು. ಆದರೆ ಒಂದು ನಾಡಿನ ಬಾಳುವೆಯನ್ನು ಅರಿಯುವುದಕ್ಕೆ ಅದರ ಅಡಿಗೆಮನೆ ಹಾಗೂ ಅಂಗಡಿಯ ಚೀಟಿ ಇವೆರಡಕ್ಕಿಂತ ಹತ್ತಿರದ ದಾರಿ ಇಲ್ಲವೆಂದೇ ನನ್ನ ಎಣಿಕೆ. ಆದ್ದರಿಂದ ಈ ವಾರ ನನ್ನ ವಾಚಕರ ಮುಂದೆ ಆ ಎರಡು ಪ್ರಶ್ನೆಗಳಿಗೇ ಉತ್ತರ ಬರೆಯಲು ಕುಳಿತಿದ್ದೇನೆ.

ಒಂದು ಕಾಲದಲ್ಲಿ ಸಮುದ್ರ ದಾಟುವುದೆಂದರೆ ವಿದ್ವಾಂಸರ ಭಾಗ್ಯವಾಗಿತ್ತು. ನಮ್ಮ ಊರಿನ ಹೆಸರನ್ನೇ ಮನೆತನದ ಹೆಸರಾಗಿ ಪಡೆದ, ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿಯ ಅನುಭವವು ‘ಸಮುದ್ರದಾಚೆಯಿಂದ’ ಎಂಬ ಪುಸ್ತಕವಾಯಿತು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಅರವತ್ತರ ದಶಕದ ಕೊನೆಯಲ್ಲಿ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಹೋಗಿ ಪಾಠ ಹೇಳಿ ಬಂದರು. ಆ ದಶಕದಲ್ಲಿ ವಿದೇಶೀ ಹಣದ ಕಟ್ಟುಪಾಡು ಎಷ್ಟು ಬಿಗಿಯಾಗಿತ್ತೆಂದರೆ, ಜೇಬಿನಲ್ಲಿ ಮೂರೇ ಪೌಂಡು ಇಟ್ಟುಕೊಂಡು ಇಂಗ್ಲಂಡಿಗೆ ಹೊರಟವರು ಅದೆಷ್ಟೋ ಜನ. ಈಗಿನ ಮಾತು ಬೇರೆ. ಓಣಿಗೊಬ್ಬ ಮಗ, ಮನೆಗೊಬ್ಬ ಮಗಳು ಎಂಬಂತೆ ಮಕ್ಕಳು ಹೊರಗೆ ನೌಕರಿಗೆ ನಿಂತಿದ್ದಾರೆ. ಅವರನ್ನು ನೋಡಲೆಂದು ಅರವತ್ತು ದಾಟಿದ ತಂದೆತಾಯಿಗಳು ಘಟಪ್ರಭಾ ನಿಲ್ದಾಣದಲ್ಲಿ ರೈಲು ಹತ್ತಿ, ಮುಂಬಯಿಯಲ್ಲಿ ವಿಮಾನ ಹತ್ತುತ್ತಾರೆ. ಪ್ರವಾಸಿಗಳಲ್ಲಿ ಇದೊಂದು ಹೊಸ ಜಾತಿ. ಇವರು ವಿದ್ಯೆಗಾಗಿ ಹೋಗುವವರಲ್ಲ, ವಿಹಾರಕ್ಕಾಗಿಯೂ ಅಲ್ಲ, ಮೊಮ್ಮಕ್ಕಳಿಗಾಗಿ ಹೋಗುವವರು. ನಾನೂ ನನ್ನ ಮನೆಯವರೂ 2025ರ ಮೇ ತಿಂಗಳ ಕೊನೆಗೆ ಹಾಗೆಯೇ ಮ್ಯಾಂಚೆಸ್ಟರಿಗೆ ಹೋದೆವು. ನವೆಂಬರಿನ ಎರಡನೆಯ ವಾರದಲ್ಲಿ ಮರಳಿದೆವು.

ಗುಣಾಕಾರದ ಜ್ವರ

ಮೊದಲ ಸಲ ಪರದೇಶಕ್ಕೆ ಹೋದ ಪ್ರತಿಯೊಬ್ಬನಿಗೂ ಒಂದು ಜ್ವರ ತಗಲುತ್ತದೆ. ಅದು ಹವೆಯಿಂದ ಬರುವುದಲ್ಲ, ಲೆಕ್ಕದಿಂದ ಬರುವುದು. 1966ರ ಜೂನ್ 6ರಂದು ನಮ್ಮ ರೂಪಾಯಿಯ ಬೆಲೆಯನ್ನು ಇಳಿಸುವ ಮೊದಲು ಒಂದು ಪೌಂಡಿಗೆ 13 ರೂಪಾಯಿ 33 ಪೈಸೆ ಇತ್ತು. ಇಳಿಸಿದ ಮೇಲೆ 21 ರೂಪಾಯಿ ಆಯಿತು. ನಾವು ಹೋದ ಬೇಸಗೆಯಲ್ಲಿ ಅದು ಸುಮಾರು 116 ರೂಪಾಯಿಗೆ ಬಂದು ನಿಂತಿತ್ತು. ಚಹಾದ ಅಂಗಡಿಯಲ್ಲಿ ಒಂದು ಕಪ್ಪಿಗೆ ಎರಡೂವರೆ ಪೌಂಡೆಂದು ಬರೆದಿದ್ದರೆ ಕಣ್ಣು ಅದನ್ನು ಓದುವ ಮೊದಲೇ ಮನಸ್ಸು ಗುಣಿಸಿ ಬಿಡುತ್ತದೆ: ಇನ್ನೂರ ತೊಂಬತ್ತು ರೂಪಾಯಿ! ಆ ಚಹಾ ಗಂಟಲಿಗಿಳಿಯುವುದಾದರೂ ಹೇಗೆ?

ಮ್ಯಾಂಚೆಸ್ಟರಿನ ಹಳದಿ ಬಸ್ಸುಗಳಲ್ಲಿ 2025ರಲ್ಲಿ ಎಲ್ಲಿಂದೆಲ್ಲಿಗೆ ಹೋದರೂ ಒಮ್ಮೆಗೆ ಎರಡು ಪೌಂಡು ಇತ್ತು. ಒಂದು ತಾಸಿನೊಳಗೆ ಬೇರೆ ಬಸ್ಸು ಹತ್ತಿದರೆ ಮತ್ತೆ ಕೊಡಬೇಕಾಗಿಲ್ಲ. ಬ್ಯಾಂಕಿನ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿದರೆ ತೀರಿತು, ಚಿಲ್ಲರೆಯ ಜಗಳವಿಲ್ಲ. ಆದರೆ ಎರಡು ಪೌಂಡೆಂದರೆ ಗೋಕಾಕದಿಂದ ಬೆಳಗಾವಿಗೆ ಹೋಗಿ ಬರುವಷ್ಟು ಹಣ. ನನ್ನ ಮನೆಯವರಿಗಂತೂ ಇದು ದೊಡ್ಡ ಅನ್ಯಾಯವಾಗಿ ಕಂಡಿತು. 2023ರ ಜೂನ್ 11ರಿಂದ ನಮ್ಮ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ಹಣವಿಲ್ಲವಷ್ಟೆ. “ನಮ್ಮೂರಾಗ ನನಗ ಪುಕ್ಕಟ, ಇಲ್ಲಿ ನೋಡ್ರಿ, ನಾಲ್ಕ ಹೆಜ್ಜಿಗೆ ಇನ್ನೂರ ಮೂವತ್ತು” ಎಂದು ಅವರು ಮೊದಲ ಹದಿನೈದು ದಿನ ನಡೆದೇ ಅಡ್ಡಾಡಿದರು. ಆ ದೇಶದ ವೃದ್ಧರಿಗೂ ಬಸ್ಸು ಪುಕ್ಕಟೆಯೇ. ಆದರೆ ಅದು ಅಲ್ಲಿಯ ನಿವಾಸಿಗಳಿಗೆ, ನಮ್ಮಂಥ ಬೀಗರಿಗಲ್ಲ.

ಒಂದು ದಿನ ಮಗಳು ನಕ್ಕು ಅಂದಳು: “ಅಪ್ಪಾ, ರೂಪಾಯಿಲೆ ಗುಣಿಸೂದ ಬಿಡ್ರಿ. ತಾಸಿಲೆ ಲೆಕ್ಕಾ ಹಾಕ್ರಿ.” ಈ ಒಂದು ಮಾತಿನಿಂದ ನನ್ನ ಜ್ವರ ಇಳಿಯಿತು. ಪರದೇಶಕ್ಕೆ ಹೋಗತಕ್ಕವರೆಲ್ಲರೂ ಇದನ್ನು ಗಂಟು ಕಟ್ಟಿಕೊಂಡು ಹೋಗಬೇಕೆಂದು ನನ್ನ ಸಲಹೆ.

2025ರ ಏಪ್ರಿಲಿನಿಂದ ಆ ದೇಶದಲ್ಲಿ 21 ವರ್ಷ ತುಂಬಿದ ಕೆಲಸಗಾರನಿಗೆ ಕಾಯಿದೆಯ ಪ್ರಕಾರ ಕೊಡಲೇಬೇಕಾದ ಕನಿಷ್ಠ ಕೂಲಿ ತಾಸಿಗೆ 12 ಪೌಂಡು 21 ಪೆನ್ಸ್ ಆಗಿತ್ತು. ಹಾಗಾದರೆ ಬಸ್ಸಿನ ಎರಡು ಪೌಂಡೆಂದರೆ ಅಲ್ಲಿಯ ಕಸ ಗುಡಿಸುವವನ ಹತ್ತು ಮಿನಿಟಿನ ದುಡಿಮೆ. ನಮ್ಮಲ್ಲಿ 2025-26ನೆಯ ಸಾಲಿಗೆ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಎಂಟು ತಾಸು ಹಿಡಿದರೆ ತಾಸಿಗೆ 46 ರೂಪಾಯಿ. ಗೋಕಾಕದಿಂದ ಬೆಳಗಾವಿಗೆ ಹೊರಟ ನಮ್ಮ ಕೂಲಿಯವನ ಟಿಕೇಟಿಗೆ ಸುಮಾರು ಎರಡು ತಾಸಿನ ಬೆವರು ಬೇಕು.

ಹಾಲಿನ ಲೆಕ್ಕ ಇದಕ್ಕೂ ಸ್ಪಷ್ಟ. ಅಲ್ಲಿ ಹಾಲು ಬರುವುದು ನಾಲ್ಕು ಪಿಂಟಿನ ಡಬ್ಬಿಯಲ್ಲಿ, ಎಂದರೆ ಎರಡೂ ಕಾಲು ಲೀಟರು. ಬೆಲೆ ಸುಮಾರು ಒಂದೂವರೆ ಪೌಂಡು. ಕನಿಷ್ಠ ಕೂಲಿಯವನು ಒಂದು ತಾಸು ದುಡಿದರೆ ಅಂಥ ಎಂಟು ಡಬ್ಬಿ, ಹದಿನೆಂಟು ಲೀಟರು ಹಾಲು ಕೊಳ್ಳಬಲ್ಲ. ನಮ್ಮಲ್ಲಿ ಲೀಟರಿಗೆ ಐವತ್ತು ರೂಪಾಯಿ ಹಿಡಿದರೆ ಇಡೀ ದಿನದ ಕೂಲಿಗೆ ಬರುವುದು ಏಳೇ ಲೀಟರು. ರೂಪಾಯಿಯ ಕಣ್ಣಿಗೆ ತುಟ್ಟಿಯಾಗಿ ಕಂಡ ಇಂಗ್ಲಂಡು ತಾಸಿನ ಕಣ್ಣಿಗೆ ಹೀಗೆ ಬೇರೊಂದು ದೇಶವಾಗಿಯೇ ಕಾಣತೊಡಗಿತು.

ಯಾವುದು ಸೋವಿ, ಯಾವುದು ತುಟ್ಟಿ?

ದಿನಸಿಯ ಸಾಮಾನು, ಹಾಲು, ಬೆಣ್ಣೆ, ಬ್ರೆಡ್ಡು, ಗಿರಣಿಯ ಬಟ್ಟೆ ಇವೆಲ್ಲ ಅಲ್ಲಿ ಸೋವಿ. ನಲ್ಲಿಯ ನೀರನ್ನು ನಿಶ್ಚಿಂತೆಯಿಂದ ಕುಡಿಯಬಹುದು. ಪುಸ್ತಕಭಂಡಾರಗಳ ಬಾಗಿಲು ಎಲ್ಲರಿಗೂ ತೆರೆದಿದೆ. 2001ರ ಡಿಸೆಂಬರಿನಿಂದ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳಿಗೆ ಪ್ರವೇಶಶುಲ್ಕವಿಲ್ಲ. ಮಳೆ ಬಂದ ದಿನ, ಎಂದರೆ ಮ್ಯಾಂಚೆಸ್ಟರಿನಲ್ಲಿ ಹೆಚ್ಚು ಕಡಿಮೆ ದಿನಾಲು, ನಾವು ಮೊಮ್ಮಗಳನ್ನು ಕೈಗಾಡಿಯಲ್ಲಿ ಕೂಡ್ರಿಸಿಕೊಂಡು ಅಲ್ಲಿಯ ವಿಜ್ಞಾನ ಮತ್ತು ಕೈಗಾರಿಕೆಯ ಸಂಗ್ರಹಾಲಯಕ್ಕೆ ಹೋಗಿ ಕಾಸು ಖರ್ಚಿಲ್ಲದೆ ಬೆಚ್ಚಗೆ ಕುಳಿತು ಬರುತ್ತಿದ್ದೆವು.

ಮನುಷ್ಯನ ಕೈ ತಗಲಿದಲ್ಲೆಲ್ಲ ಮಾತ್ರ ಬೆಲೆ ಜಿಗಿಯುತ್ತದೆ. ಕ್ಷೌರಕ್ಕೆ ಹದಿನೈದು ಪೌಂಡು. ಹನ್ನೆರಡು ಪೌಂಡಿಗೆ ಕೊಂಡ ಷರಾಯಿಯ ಕಾಲನ್ನು ಎರಡು ಬೆರಳು ಕಡಿಮೆ ಮಾಡಿಸಲು ಹೋದರೆ ದರ್ಜಿಯು ಹತ್ತು ಪೌಂಡು ಕೇಳಿದ. ಸೋರುವ ನಲ್ಲಿಯನ್ನು ರಿಪೇರಿ ಮಾಡುವವನು ಮನೆಯ ಹೊಸ್ತಿಲು ದಾಟಿದ್ದಕ್ಕೇ ಒಂದು ಮೊತ್ತ, ನಲ್ಲಿಗೆ ಕೈ ಹಚ್ಚಿದ ಮೇಲೆ ಇನ್ನೊಂದು ಮೊತ್ತ. ಆದ್ದರಿಂದ ಅಲ್ಲಿ ಪ್ರತಿಯೊಬ್ಬನೂ ತನ್ನ ಮನೆಯ ಬಡಿಗ, ತನ್ನ ಮನೆಯ ಅಗಸ, ತನ್ನ ಮನೆಯ ಜಾಡಮಾಲಿ. ದೊಡ್ಡ ಅಂಗಡಿಗಳಲ್ಲಿ ಸಾಮಾನನ್ನು ತಾನೇ ಯಂತ್ರಕ್ಕೆ ತೋರಿಸಿ, ತಾನೇ ಹಣ ಕಟ್ಟಿ, ತಾನೇ ಚೀಲಕ್ಕೆ ತುಂಬಿಕೊಳ್ಳಬೇಕು. ಆ ಚೀಲಕ್ಕೂ ಬೇರೆ ಹಣ: 2021ರಿಂದ ಕನಿಷ್ಠ ಹತ್ತು ಪೆನ್ಸ್. ನಮ್ಮ ಮನೆಯವರು ಸಂಕೇಶ್ವರದ ಮೆಣಸಿನಕಾಯಿ ತುಂಬಿ ಒಯ್ದಿದ್ದ ಅರಿವೆಯ ಚೀಲವು ಆರು ತಿಂಗಳು ಅಲ್ಲಿಯ ಸಂತೆ ಮಾಡಿತು.

ನಮ್ಮ ಅಳಿಯಂದಿರು ಊರಿಗೆ ಬಂದಾಗ ನೀರಿನ ಲೋಟವನ್ನು ಎತ್ತಿ ಇಟ್ಟವರಲ್ಲ. ಅಲ್ಲಿ ಅವರೇ ಪಾತ್ರೆ ತೊಳೆಯುತ್ತಾರೆ, ಬಟ್ಟೆ ಹಿಂಡುತ್ತಾರೆ, ಕೂಸಿನ ಅರಿವೆ ಬದಲಿಸುತ್ತಾರೆ. ಅಂಗಳದಲ್ಲಿ ನಾಲ್ಕು ಬಣ್ಣದ ಕಸದ ಡಬ್ಬಿಗಳು: ಕಾಗದಕ್ಕೆ ನೀಲಿ, ಬಾಟಲಿ ಡಬ್ಬಿಗಳಿಗೆ ಕಂದು, ಮುಸುರೆ ಮತ್ತು ಎಲೆಗಳಿಗೆ ಹಸಿರು, ಉಳಿದದ್ದಕ್ಕೆ ಬೇರೊಂದು. ಯಾವ ವಾರ ಯಾವ ಡಬ್ಬಿ ಹೊರಗಿಡಬೇಕೆಂಬುದಕ್ಕೆ ಪಂಚಾಂಗದಂಥ ಒಂದು ಹಾಳೆ ಗೋಡೆಗೆ ಅಂಟಿಸಿದೆ. ಅಮಾವಾಸ್ಯೆ ಹುಣ್ಣಿಮೆ ತಪ್ಪಿದರೂ ನಡೆದೀತು, ಕಸದ ದಿನ ತಪ್ಪುವಂತಿಲ್ಲ.

ತಿಂಗಳ ಖರ್ಚಿನಲ್ಲಿ ನಮ್ಮ ಕಣ್ಣಿಗೆ ಬೀಳದ ಬಾಬುಗಳು ಬಹಳ. ನಾವಿದ್ದಾಗ ಕರೆಂಟು ಯೂನಿಟ್ಟಿಗೆ ಸುಮಾರು 26 ಪೆನ್ಸ್, ಎಂದರೆ 30 ರೂಪಾಯಿ; ಬಳಸದಿದ್ದರೂ ದಿನಕ್ಕೆ ಅರ್ಧ ಪೌಂಡಿನಷ್ಟು ಖಾಯಂ ಆಕಾರ. ಮನೆಗೆ ಕಟ್ಟುವ ಪೌರತೆರಿಗೆಯನ್ನು ಇಂದಿಗೂ 1991ರ ಏಪ್ರಿಲಿನಲ್ಲಿದ್ದ ಮನೆಯ ಬೆಲೆಯ ಮೇಲೆ ಎಣಿಸುತ್ತಾರೆ. ದೂರದರ್ಶನ ನೋಡುವವರು 2025ರಲ್ಲಿ ವರ್ಷಕ್ಕೆ 174 ಪೌಂಡು 50 ಪೆನ್ಸ್ ಪರವಾನಗಿಯ ಹಣ ಕಟ್ಟಬೇಕಾಗಿತ್ತು. ಇದನ್ನು ಕೇಳಿ ನನಗೆ ನಮ್ಮ ಅಂಚೆ ಕಚೇರಿಯಲ್ಲಿ ರೇಡಿಯೋ ಪರವಾನಗಿಗಾಗಿ ಸಾಲು ನಿಲ್ಲುತ್ತಿದ್ದ ದಿನಗಳು ನೆನಪಾದವು. ನಮ್ಮಲ್ಲಿ ಎಂಬತ್ತರ ದಶಕದಲ್ಲಿಯೇ ಹೋದ ಪದ್ಧತಿ ಅಲ್ಲಿ ಇನ್ನೂ ಜೀವಂತವಾಗಿದೆ.

ಊಟದ ಮಾತಿಗೆ ಬರೋಣ. ಗುಜರಾತಿಗಳ ಅಂಗಡಿಯಲ್ಲಿ ‘ಜುವಾರ್’ ಎಂಬ ಹೆಸರಿನಲ್ಲಿ ನಮ್ಮ ಜೋಳದ ಹಿಟ್ಟು ಸಿಗುತ್ತದೆ. ಆದರೆ ಅದು ಎಂದೋ ಬೀಸಿದ್ದು. ಜಿಗಿ ಸತ್ತ ಹಿಟ್ಟು. ಬಡಿಯುತ್ತಿದ್ದಂತೆ ಅಂಚು ಬಿರಿಯುತ್ತದೆ. ಕುದಿಯುವ ಎಸರು ಹಾಕಿ ನಾದಿ, ನಾದಿ, ನನ್ನ ಮನೆಯವರು ಎರಡನೆಯ ವಾರಕ್ಕೆ ಅದನ್ನು ಹಾದಿಗೆ ತಂದರು. ಹಾಲಿನ ಪದಾರ್ಥಗಳನ್ನು ಆ ದೇಶದೊಳಗೆ ಒಯ್ಯಗೊಡುವುದಿಲ್ಲವೆಂದು ಮಗಳು ಮೊದಲೇ ತಿಳಿಸಿದ್ದರಿಂದ ಬೆಳಗಾವಿಯ ಕುಂದಾ, ಧಾರವಾಡದ ಪೇಡೆ ಊರಲ್ಲಿಯೇ ಉಳಿದವು. ಮೊಮ್ಮಗಳ ಪಾಲಿಗೆ ಗೋಕಾಕದ ಕಟ್ಟಿಗೆಯ ಹಣ್ಣುಗಳು ಹೋದವು. ಬಣ್ಣದ ಆ ಬಾಳೆಹಣ್ಣನ್ನು ಪಕ್ಕದ ಮನೆಯ ಮಕ್ಕಳು ಕಚ್ಚಿ ನೋಡಿದ್ದೇ ನೋಡಿದ್ದು.

ಹತ್ತಿಯ ಊರು, ಸಹಕಾರದ ಊರು

ಗೋಕಾಕದವನಿಗೆ ಮ್ಯಾಂಚೆಸ್ಟರು ತೀರ ಪರಕೀಯ ಊರಲ್ಲ. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಘಟಪ್ರಭೆಯ ಜಲಪಾತದ ಬಲವನ್ನು ನಂಬಿ ಗೋಕಾಕ ಫಾಲ್ಸಿನಲ್ಲಿ ನೂಲಿನ ಗಿರಣಿ ನಿಂತಿತು. ಮ್ಯಾಂಚೆಸ್ಟರಿನ ಹೊರಗೆ ಸ್ಟೈಲ್ ಎಂಬ ಹಳ್ಳಿಯಲ್ಲಿ ಬಾಲಿನ್ ಎಂಬ ಚಿಕ್ಕ ಹೊಳೆಯ ದಂಡೆಗೆ 1784ರಲ್ಲಿ ಕಟ್ಟಿದ ಗಿರಣಿಯೊಂದಿದೆ. ಅಲ್ಲಿಯೂ ನೀರೇ ಯಂತ್ರವನ್ನು ತಿರುಗಿಸಿತ್ತು. ಈಗ ಅದನ್ನು ನೋಡುವವರಿಗಾಗಿ ಕಾಯ್ದಿಟ್ಟಿದ್ದಾರೆ. ಲೋಕಕ್ಕೆಲ್ಲ ಬಟ್ಟೆ ಉಡಿಸಿದ ಆ ನಾಡಿನ ಗಿರಣಿಗಳು ಮುಚ್ಚಿ ಬಹಳ ಕಾಲವಾಯಿತು. ಅಂಗಡಿಯಲ್ಲಿ ಕೈಗೆತ್ತಿಕೊಂಡ ಅಂಗಿಯ ಕೊರಳಪಟ್ಟಿಯ ಮೇಲೆ ಬಾಂಗ್ಲಾದೇಶ ಎಂದೋ ಭಾರತವೆಂದೋ ಬರೆದಿರುತ್ತದೆ.

1931ರ ಸೆಪ್ಟೆಂಬರಿನಲ್ಲಿ ಮಹಾತ್ಮಾ ಗಾಂಧಿಯವರು ಈ ಸೀಮೆಯ ಡಾರ್ವೆನ್ ಎಂಬ ಊರಿಗೆ ಬಂದಿದ್ದರು. ನಾವು ವಿಲಾಯತಿ ಬಟ್ಟೆಯನ್ನು ಬಿಟ್ಟದ್ದರಿಂದ ಕೆಲಸ ಕಳೆದುಕೊಂಡ ನೇಕಾರರನ್ನು ಅವರು ಎದುರು ನಿಂತು ಕಂಡರು. ಆ ಕೆಲಸಗಾರರೋ ಅವರನ್ನು ಪ್ರೀತಿಯಿಂದ ಬರಮಾಡಿಕೊಂಡರು. ನಮ್ಮ ಮಗ್ಗುಲಿನ ಹುದಲಿಯಲ್ಲಿ ಗಂಗಾಧರರಾವ ದೇಶಪಾಂಡೆಯವರು ಖಾದಿಯ ಕೆಲಸವನ್ನು ಬೆಳೆಸಿದ ಕಾಲ ಅದು. ಹುದಲಿಯ ರಾಟೆಗೂ ಡಾರ್ವೆನ್ನಿನ ಮಗ್ಗಕ್ಕೂ ನಡುವೆ ಎಷ್ಟು ಹತ್ತಿರದ ನಂಟು! ಒಂದು ಕಡೆಯ ಸೋವಿಗೆ ಇನ್ನೊಂದು ಕಡೆಯವರು ಬೆಲೆ ತೆರುತ್ತಾರೆ ಎಂಬ ಮಾತು ಇಲ್ಲಿ ಎಷ್ಟು ನಿಜವೋ, ಇಂದಿನ ಅಂಗಿಯ ಮಟ್ಟಿಗೂ ಅಷ್ಟೇ ನಿಜ.

ಮ್ಯಾಂಚೆಸ್ಟರಿನಿಂದ ಟ್ರಾಮು ಹತ್ತಿದರೆ ರಾಚ್‌ಡೇಲಿಗೆ ಹೋಗಬಹುದು. ನಮ್ಮ ಕಡೆಯವರು ಕಾಶಿಗೆ ಹೋದಷ್ಟೇ ಭಕ್ತಿಯಿಂದ ಹೋಗತಕ್ಕ ಊರಿದು. 1844ರ ಡಿಸೆಂಬರ್ 21ರ ಸಂಜೆ ಅಲ್ಲಿಯ ಟೋಡ್ ಲೇನ್ ಎಂಬ ಓಣಿಯಲ್ಲಿ, ನೇಕಾರರೇ ಮೊದಲಾದ 28 ಜನ ಬಡವರು ತಲೆಗೊಂದು ಪೌಂಡಿನಂತೆ 28 ಪೌಂಡು ಕೂಡಿಸಿ ಒಂದು ಅಂಗಡಿ ತೆರೆದರು. ಹಿಟ್ಟು, ಓಟ್ಸಿನ ನುಚ್ಚು, ಸಕ್ಕರೆ, ಬೆಣ್ಣೆ, ಮೇಣಬತ್ತಿ: ಇಷ್ಟೇ ಸರಕು. ಆಗಿನ ಅಂಗಡಿಕಾರರು ಹಿಟ್ಟಿನಲ್ಲಿ ಕಲಬೆರಕೆ ಮಾಡುತ್ತಿದ್ದರು, ತೂಕದಲ್ಲಿ ಮೋಸ ಮಾಡುತ್ತಿದ್ದರು, ಉದ್ರಿಯಲ್ಲಿ ಕೂಲಿಗಾರನನ್ನು ಸಿಕ್ಕಿಸುತ್ತಿದ್ದರು. ಶುದ್ಧ ಸರಕು, ಸರಿಯಾದ ತೂಕ, ನಗದಿ ವ್ಯಾಪಾರ, ಒಬ್ಬನಿಗೆ ಒಂದೇ ಮತ, ಕೊಂಡಷ್ಟಕ್ಕೆ ತಕ್ಕ ಲಾಭಾಂಶ: ಈ ಕಟ್ಟಳೆಗಳ ಮೇಲೆ ಆ ಅಂಗಡಿ ನಿಂತಿತು. ಲೋಕದ ಸಹಕಾರ ಚಳುವಳಿಗೆಲ್ಲ ಅದು ತವರಾಯಿತು. ಆ ಸಣ್ಣ ಕಟ್ಟಡ ಈಗ ವಸ್ತುಸಂಗ್ರಹಾಲಯ.

ಆ ಬೀಜ ನಮ್ಮ ಮಣ್ಣಿಗೂ ಬಂದು ಬಿತ್ತು. 1904ರ ಕಾಯಿದೆಯ ಬೆನ್ನಿಗೆ, 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದರು. ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರಖಾನೆ ರೈತರ ಸಹಕಾರದಿಂದ ನಿಂತದ್ದು. ಹುಕ್ಕೇರಿಯಲ್ಲಂತೂ ಮನೆಯ ದೀಪವೂ ಸಹಕಾರದ್ದೇ: 1969ರಲ್ಲಿ ಸ್ಥಾಪಿತವಾದ ಅಲ್ಲಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘದಂಥದು ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ. ರಾಚ್‌ಡೇಲಿನ ಆ ಹಳೆಯ ಹಲಗೆಯ ಮೇಜಿನ ಮುಂದೆ ನಿಂತಾಗ ನನಗೆ ತಿಳಿದದ್ದಿಷ್ಟು: ತುಟ್ಟಿಕಾಲವೆಂಬುದು ಯಾವ ದೇಶಕ್ಕೂ ಹೊಸತಲ್ಲ. ಅದಕ್ಕೆ ಗೊಣಗುವವರು ಎಲ್ಲ ಕಡೆಗೂ ಇದ್ದರು. ಕೂಡಿ ಅಂಗಡಿ ತೆರೆದವರು ಕೆಲವರೇ.

ಚೀಟಿಯಲ್ಲಿ ಬಾರದ ಖರ್ಚು

ಮೇಲೆ ಹೇಳಿದ್ದೆಲ್ಲ ಚೀಟಿಯಲ್ಲಿ ಬರುವ ಖರ್ಚು. ಇನ್ನು ಹೇಳತಕ್ಕದ್ದು ಅದಕ್ಕಿಂತ ದೊಡ್ಡದು.

ಮಗಳು ಅಳಿಯ ಇಬ್ಬರೂ ನೌಕರಿ ಮಾಡುವವರು. ಹದಿನಾಲ್ಕು ತಿಂಗಳ ಕೂಸನ್ನು ಶಿಶುವಿಹಾರದಲ್ಲಿ ಬಿಟ್ಟರೆ ದಿನಕ್ಕೆ ಸುಮಾರು 70 ಪೌಂಡು. ದುಡಿಯುವ ತಂದೆತಾಯಿಗಳ ಕೂಸುಗಳಿಗೆ ಒಂಬತ್ತು ತಿಂಗಳಿನಿಂದಲೇ ವಾರಕ್ಕೆ 30 ತಾಸಿನ ನೆರವನ್ನು ಅಲ್ಲಿಯ ಸರಕಾರವು 2025ರ ಸೆಪ್ಟೆಂಬರಿನಿಂದ ಕೊಡತೊಡಗಿತು. ಆದರೆ ಕೆಲಸದ ವೀಸಾದ ಮೇಲಿರುವ ಪರದೇಶದ ದಂಪತಿಗಳಿಗೆ ಆ ನೆರವಿನ ಹಕ್ಕಿಲ್ಲ. ಇಷ್ಟಲ್ಲದೆ, ಸಂಬಳದಲ್ಲಿ ತೆರಿಗೆ ಕಟ್ಟಿಯೂ, ವೀಸಾದ ಜೊತೆಗೆ ಆರೋಗ್ಯದ ಹೆಚ್ಚುವರಿ ಆಕಾರವೆಂದು ತಲೆಗೆ ವರ್ಷಕ್ಕೆ 1,035 ಪೌಂಡನ್ನು ಅವರು ಮುಂಗಡವಾಗಿ ಕೊಟ್ಟಿದ್ದಾರೆ. ಅವರು ದೊಡ್ಡ ಸಂಬಳದವರೆಂದು ಇಲ್ಲಿ ಕುಳಿತು ತಿಳಿದಿದ್ದ ನಮಗೆ ತಿಂಗಳ ಕೊನೆಯಲ್ಲಿ ಅವರ ಕೈಯಲ್ಲಿ ಉಳಿಯುವುದನ್ನು ಕಂಡ ಮೇಲೆ ಮಾತು ಹೊರಡಲಿಲ್ಲ.

ನಾವು ಹೋದ ಮೇಲೆ ಕೂಸು ಅಜ್ಜಿಯ ತೊಡೆಯ ಮೇಲೆ ಬೆಳೆಯಿತು. ಶಿಶುವಿಹಾರದ ಲೆಕ್ಕವನ್ನು ಮಗಳು ಬಿಡಿಸಿ ಹೇಳಿದ ದಿನ ನನ್ನ ಮನೆಯವರು ಬೆರಳು ಮಡಿಚಿ ಎಣಿಸಿ, “ಹಂಗಾರ ನಾ ದಿನಾ ಎಂಟ ಸಾವಿರ ರೂಪಾಯಿ ದುಡೀಲಿಕ್ಕತ್ತೇನಿ ಅನ್ರಿ” ಎಂದರು. ಎಲ್ಲರೂ ನಕ್ಕೆವು. ಆದರೆ ಆ ಮಾತು ನನ್ನ ಮನಸ್ಸಿನಲ್ಲಿ ನಾಟಿ ನಿಂತಿತು. ನಲವತ್ತು ವರ್ಷ ಮಕ್ಕಳನ್ನು, ಮುದುಕರನ್ನು, ಬಂದು ಹೋದವರನ್ನು ಸಾಕಿದ ಕೈಗೆ ಯಾರಾದರೂ ಒಂದು ಬೆಲೆ ಹೇಳಿದ್ದು ಅದೇ ಮೊದಲು. ಅದನ್ನು ಹೇಳಲು ಒಂದು ಪರದೇಶದ ದರಪಟ್ಟಿ ಬೇಕಾಯಿತು.

ಆದರೂ ಬೀಗರ ವೀಸಾ ಒಂದು ಸಲಕ್ಕೆ ಆರು ತಿಂಗಳು ಮಾತ್ರ. 2025ರಲ್ಲಿ ಅದಕ್ಕೆ ಶುಲ್ಕ 127 ಪೌಂಡು. “ಇಲ್ಲೇ ಇದ್ದು ಬಿಡ್ರಿ” ಎಂದು ಮಗಳು ಅನ್ನಬಹುದು, ಕಾಯಿದೆ ಅನ್ನುವುದಿಲ್ಲ. ವೃದ್ಧ ತಂದೆತಾಯಿಗಳನ್ನು ಕರೆಯಿಸಿಕೊಳ್ಳುವ ನಿಯಮವನ್ನು 2012ರಲ್ಲಿ ಬಹಳ ಬಿಗಿಗೊಳಿಸಿದ್ದಾರೆ. ಮಕ್ಕಳು ಅಲ್ಲಿ ಖಾಯಂ ನೆಲೆಸಿದವರಾಗಿರಬೇಕು. ತಂದೆತಾಯಿಗಳು ಉಣ್ಣಲು, ಉಡಲು, ಸ್ನಾನ ಮಾಡಲು ಇನ್ನೊಬ್ಬರ ಕೈ ಕಾಯುವಂತಾಗಿರಬೇಕು. ಅಂಥ ಆರೈಕೆ, ಮಕ್ಕಳು ಹಣ ಕಳಿಸಿದರೂ, ತಮ್ಮ ದೇಶದಲ್ಲಿ ಸಿಗುವುದಿಲ್ಲವೆಂದು ತೋರಿಸಿ ಕೊಡಬೇಕು. ಗೋಕಾಕದಲ್ಲಿ, ಹುಕ್ಕೇರಿಯಲ್ಲಿ, ಹಣಕ್ಕೆ ಒಬ್ಬ ಹೆಣ್ಣುಮಗಳು ಸಿಗುವುದಿಲ್ಲವೆಂದು ಯಾರು ಸಿದ್ಧಪಡಿಸಿ ತೋರಿಸಬೇಕು?

ಕಾಯಿಲೆಯ ಮಾತನ್ನೂ ಇಲ್ಲಿಯೇ ಹೇಳಿ ಬಿಡುತ್ತೇನೆ. ಅಪಘಾತದ ವಿಭಾಗದಲ್ಲಿ ಬೀಗರಿಗೂ ಚಿಕಿತ್ಸೆಗೆ ಹಣವಿಲ್ಲ. ಒಳಗೆ ಹಾಸಿಗೆ ಕೊಟ್ಟು ಇಟ್ಟುಕೊಂಡರೆಂದರೆ ಮಾತ್ರ ನಿಜ ಖರ್ಚಿನ ಒಂದೂವರೆ ಪಟ್ಟು ಬಿಲ್ಲು ಬರುತ್ತದೆ. ಆದ್ದರಿಂದ ವಿಮೆ ಇಲ್ಲದೆ ಯಾರೂ ವಿಮಾನ ಹತ್ತಬಾರದು. ಬಿ.ಪಿ., ಸಕ್ಕರೆಗಳನ್ನು ಮುಚ್ಚಿಡದೆ ಬರೆಸಿ ವಿಮೆ ಮಾಡಿಸಬೇಕು. ಗುಳಿಗೆಗಳನ್ನು ಡಾಕ್ಟರರ ಚೀಟಿಯ ಸಹಿತ ಇಲ್ಲಿಂದಲೇ ಒಯ್ಯಬೇಕು.

ಮಗಳ ಮನೆಯ ಎಡಕ್ಕೆ ಎಂಬತ್ತು ದಾಟಿದ ಒಬ್ಬ ಅಜ್ಜಿ ಒಂಟಿಯಾಗಿದ್ದರು. ಜೂನ್ ಕೊನೆಯ ದಿನಗಳಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆಯ ಮೇಲೆ ಸೂರ್ಯ ಮುಳುಗುತ್ತಾನೆ. ಆ ದೀರ್ಘ ಸಂಜೆಗಳಲ್ಲಿ ಅವರೂ ನನ್ನ ಮನೆಯವರೂ ಬೇಲಿಯ ಆಚೆ ಈಚೆ ನಿಂತು, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ, ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅಜ್ಜಿಗೆ ದಿನಕ್ಕೆ ನಾಲ್ಕು ಸಲ ಆರೈಕೆಯ ಹೆಣ್ಣುಮಗಳೊಬ್ಬಳು ಬಂದು, ಅರ್ಧರ್ಧ ತಾಸು ಇದ್ದು, ಮೀಯಿಸಿ ಉಣಿಸಿ ಹೋಗುತ್ತಿದ್ದಳು. ಅವಳು ಕೇರಳದವಳು, ತನ್ನ ತಾಯಿಯನ್ನು ಕೋಟ್ಟಯಂನಲ್ಲಿ ಇನ್ನೊಬ್ಬರ ಕೈಗೆ ಒಪ್ಪಿಸಿ ಬಂದವಳು. ಆಸ್ಪತ್ರೆ ಧರ್ಮಾರ್ಥವಾಗಿರುವ ಆ ದೇಶದಲ್ಲಿ ಇಂಥ ಆರೈಕೆ ಎಲ್ಲರಿಗೂ ಧರ್ಮಾರ್ಥವಲ್ಲ. 23,250 ಪೌಂಡಿಗೆ ಮೇಲ್ಪಟ್ಟು ಆಸ್ತಿ ಇದ್ದವರು ಪೂರ್ತಿ ಖರ್ಚನ್ನು ತಾವೇ ಹೊರಬೇಕು. 2010ರಿಂದ ನಾವು ಅಲ್ಲಿದ್ದವರೆಗೂ ಆ ಅಂಕಿ ಬದಲಾಗಿರಲಿಲ್ಲ. ಅಜ್ಜಿಯ ಮಗ ಆಸ್ಟ್ರೇಲಿಯದಲ್ಲಿದ್ದಾನಂತೆ. ಮಕ್ಕಳು ದೂರವಾದ ಮುದುಕರು ಎಲ್ಲ ದೇಶಗಳಲ್ಲಿಯೂ ಒಂದೇ ಓಣಿಯವರೆಂದು ಅವರನ್ನು ಕಂಡಾಗ ನನಗೆ ಅನ್ನಿಸಿತು.

ನವೆಂಬರು ಬಂದಿತು. ಸಂಜೆ ನಾಲ್ಕೂವರೆಗೇ ಕತ್ತಲಾಗತೊಡಗಿತು. ನಾವು ಹೊರಡುವ ಮುನ್ನಾ ವಾರವೇ ಕೂಸಿನ ಹೆಸರನ್ನು ಶಿಶುವಿಹಾರದಲ್ಲಿ ಹಚ್ಚಿದರು. ಮೊದಲ ದಿನ ಕೂಸು ಅತ್ತಿತು. ಮೂರನೆಯ ದಿನ ಅಳಲಿಲ್ಲ. ಅತ್ತಾಗ ಆದುದಕ್ಕಿಂತ ಅಳದಾಗ ಅಜ್ಜಿಗೆ ಆದ ಸಂಕಟ ಹೆಚ್ಚು.

ಹೋಗತಕ್ಕವರಿಗೆ ಎರಡು ಮಾತು

ಮಕ್ಕಳನ್ನು ನೋಡಲು ಹೊರಟ ನನ್ನ ವಯಸ್ಸಿನವರಿಗೆ ನಾನು ಹೇಳತಕ್ಕದ್ದು ಇಷ್ಟು. ಗುಣಾಕಾರವನ್ನು ವಿಮಾನ ನಿಲ್ದಾಣದಲ್ಲಿಯೇ ಬಿಟ್ಟು ಹೋಗಿರಿ. ಬಸ್ಸಿಗೆ ಹಣ ಕೊಟ್ಟು ಊರು ತಿರುಗಿರಿ. ಮನೆಯೊಳಗೆ ಕುಳಿತರೆ ಆರು ತಿಂಗಳು ಆರು ವರ್ಷವಾಗುತ್ತದೆ. ಪುಸ್ತಕಭಂಡಾರ, ಉದ್ಯಾನ, ಸಂಗ್ರಹಾಲಯ ಪುಕ್ಕಟೆ ಇರುವಾಗ ಬೇಸರಕ್ಕೆ ಕಾರಣವಿಲ್ಲ. ಲಂಡನ್ನಿಗೆ ಹೋಗುವುದಾದರೆ ರೈಲಿನ ಟಿಕೇಟನ್ನು ವಾರಗಳ ಮೊದಲೇ ತೆಗೆಸಿರಿ. ಹೊರಡುವ ಹೊತ್ತಿಗೆ ಕೊಂಡರೆ ಅದು ಎಷ್ಟೋ ಪಟ್ಟು ಏರಿರುತ್ತದೆ. ಅಲ್ಲಿ ಥೇಮ್ಸ್ ನದಿಯ ದಂಡೆಗೆ, ಪಾರ್ಲಿಮೆಂಟಿನ ಎದುರು ದಡದಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಇದೆ. ಕಾಯಕದ ಬೆಲೆಯನ್ನು ಸಾರಿದ ಮಹಾಪುರುಷನನ್ನು, ಕೈಕೆಲಸ ಇಷ್ಟು ತುಟ್ಟಿಯಾದ ದೇಶದಲ್ಲಿ ಕಾಣುವುದು ಬಹಳ ಒಪ್ಪುವ ಮಾತು.

ಮಕ್ಕಳಿಗೂ ಒಂದು ಮಾತು. ತಂದೆತಾಯಿಗಳಿಗೆ ನಿಮ್ಮ ಸಂಬಳವನ್ನು ಮಾತ್ರವಲ್ಲ, ನಿಮ್ಮ ಖರ್ಚನ್ನೂ ತಿಳಿಸಿರಿ. ಊರಿನಲ್ಲಿ ನಿಮ್ಮ ಸಿರಿಯನ್ನು ಎಣಿಸುವ ನಾಲಿಗೆಗಳು ಬಹಳ. ನಿಮ್ಮ ದಣಿವನ್ನು ಅರಿತವರು ಇಬ್ಬರಾದರೂ ಇರಲಿ.

ಇನ್ನು ಊರಿನ ಮಾತು. ನಮ್ಮಲ್ಲಿ ಕಸಮುಸುರೆಗೆ, ಕೂಸಿನ ಆರೈಕೆಗೆ, ಹಾಸಿಗೆ ಹಿಡಿದ ಮುದುಕರ ಸೇವೆಗೆ ಕೈಗಳು ಸೋವಿಯಾಗಿ ಸಿಗುತ್ತವೆ. ಆ ಸೋವಿಯ ಮೇಲೆಯೇ ನಮ್ಮ ಮಧ್ಯಮ ವರ್ಗದ ಮನೆಗಳ ನೆಮ್ಮದಿ ನಿಂತಿದೆ. ಮಕ್ಕಳು ಹೊರಗೆ ಉಳಿದಂತೆಲ್ಲ ನಾವು ಆ ಕೈಗಳನ್ನೇ ನೆಚ್ಚಬೇಕಾದವರು. ಮರಳಿ ಬಂದ ಮೂರನೆಯ ದಿನ ನನ್ನ ಮನೆಯವರು ನಮ್ಮ ಮನೆಗೆ ಬರುವ ಹೆಣ್ಣುಮಗಳನ್ನು ಒಳಗೆ ಕರೆದು ಕೂಡ್ರಿಸಿ, ಚಹಾ ಕೊಟ್ಟು, ಅವಳ ತಿಂಗಳ ಸಂಬಳವನ್ನು ಒಂದೂವರೆ ಪಟ್ಟು ಮಾಡಿದರು; ರವಿವಾರ ಸೂಟಿ ಎಂದೂ ಹೇಳಿದರು. ಓಣಿಯ ಇಬ್ಬರು ಗೃಹಿಣಿಯರು, “ಹಿಂಗ ರೇಟ್ ಕೆಡಿಸಿದ್ರ ಹೆಂಗ್ರಿ ಅಕ್ಕಾರ?” ಎಂದು ಕೇಳಲು ಬಂದರು. ಅವರು ಶಾಂತವಾಗಿ ಉತ್ತರ ಕೊಟ್ಟರು: “ರೇಟ್ ನಾ ಕೆಡಸಿಲ್ಲವ್ವಾ. ಅದು ಎಷ್ಟ್ ಐತಿ ಅಂತ ನೋಡಿ ಬಂದೇನಿ.”